ಪ್ರತಿಕ್ರಿಯೆ: ಹಾಡು ಮುಗಿಯುವಷ್ಟರಲ್ಲಿ ಸಾಹಿತ್ಯ ಎರಡು ಸೆಕೆಂಡ್ ಹಿಂದೆ ಬೀಳುತ್ತಿದೆ

ನೀವು ಬರೆದ ಕರೋಕೆ ಪ್ಲೇಯರಿನಲ್ಲಿ ಸಾಹಿತ್ಯ ಶುರುವಿನಲ್ಲಿ ಸರಿಯಿದ್ದು ಬರ್ತಾ ಬರ್ತಾ ಹಿಂದೆ ಬೀಳುತ್ತದೆ ಅಂದಿದ್ದೀರಿ, ಅಲ್ವಾ? ಹಾಗಿದ್ದರೆ ತಪ್ಪು ಸಿಡಿಜಿ ಫೈಲಿನದಲ್ಲ (ಹಾಡಿನ ಜೊತೆ ಪರದೆಯಲ್ಲಿ ಸಾಹಿತ್ಯ ತೋರಿಸುವ ಫೈಲ್), ನಿಮ್ಮ ಟೈಮರಿನದು. 20 ಮಿಲಿಸೆಕೆಂಡಿಗೊಮ್ಮೆ 6 ಪ್ಯಾಕೆಟ್ (ಪರದೆಗೆ ಕೊಡುವ ಒಂದೊಂದು ಸಣ್ಣ ಆದೇಶ) ಅಂತ ಲೆಕ್ಕ ಹಾಕಿದ್ದೀರಿ. ಆ ಟೈಮರ್ 20.2 ಮಿಲಿಸೆಕೆಂಡಿಗೊಮ್ಮೆ ಓಡಿದರೂ ಸಾಕು, 4 ನಿಮಿಷದ ಹಾಡಿಗೆ ಹತ್ತಿರ ಹತ್ತಿರ 2.4 ಸೆಕೆಂಡ್ ತಪ್ಪುತ್ತದೆ.

ಟೈಮರ್ ಇರಲಿ, ಆದರೆ ಅದರಿಂದ ಸಮಯ ಅಳೆಯಬೇಡಿ. ಪ್ರತಿ ಸಲ ಆಡಿಯೋ ಪ್ಲೇಯರನ್ನೇ 'ಈಗ ಎಲ್ಲಿದ್ದೀಯ' ಅಂತ ಕೇಳಿ, ಬಂದ ಸೆಕೆಂಡನ್ನು 300ರಿಂದ (ಸೆಕೆಂಡಿಗೆ 300 ಪ್ಯಾಕೆಟ್) ಗುಣಿಸಿ, ಅಲ್ಲಿಯವರೆಗಿನ ಪ್ಯಾಕೆಟ್‌ಗಳನ್ನೆಲ್ಲ ಓಡಿಸಿಬಿಡಿ. 61.5 ಸೆಕೆಂಡ್ ಅಂದರೆ 18,450ನೇ ಪ್ಯಾಕೆಟ್. ಒಂದೊಂದು 24 ಬೈಟ್, ಹಾಗಾಗಿ ಫೈಲಿನಲ್ಲಿ ಜಾಗ ಹುಡುಕೋದು ಸುಲಭ.

ಹಾಡನ್ನು ಹಿಂದಕ್ಕೆ ಎಳೆದಾಗ ಮಾತ್ರ ಹುಷಾರು. ಪ್ಯಾಕೆಟ್ ಪೂರ್ತಿ ಚಿತ್ರ ಅಲ್ಲ, ಸಾಮಾನ್ಯವಾಗಿ 6x12 ಪಿಕ್ಸೆಲ್‌ನ ಒಂದು ಸಣ್ಣ ಆಯತವನ್ನಷ್ಟೇ ಬದಲಿಸುತ್ತದೆ. ಸುಮ್ನೆ ಅಲ್ಲಿಗೆ ಹಾರಿದರೆ ಹಳೇ ಅಕ್ಷರದ ಮೇಲೆ ಹೊಸದು ಕೂತು ಪರದೆ ಕಲಸುಮೇಲೋಗರ ಆಗುತ್ತದೆ (ನಾನೂ ಒಂದು ರಾತ್ರಿ ಇದಕ್ಕೇ ಕಳೆದಿದ್ದೇನೆ). ಪರದೆ ಅಳಿಸಿ ಮೊದಲ ಪ್ಯಾಕೆಟ್‌ನಿಂದ ಆ ಜಾಗದವರೆಗೆ ಓಡಿಸಿ, ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ.

ಬ್ಲೂಟೂತ್ ಸ್ಪೀಕರ್ ಇದ್ದರೆ ಶಬ್ದವೇ ತಡ. ಅದಕ್ಕೆ ಸಾಹಿತ್ಯವನ್ನು ಹಿಂದೆ-ಮುಂದೆ ಸರಿಸುವ ಪ್ಲಸ್-ಮೈನಸ್ ಸೆಟ್ಟಿಂಗ್ ಒಂದು ಕೊಡಿ.