ಮೆಣಸಿಗೆ ಕುದಿನೀರು ಒಂದೇ ನಿಮಿಷ

ಅಣ್ಣ, ನಿಮ್ಮ ಹಂಡೆಯ ಫೋಟೊ ನೋಡಿದೆ. ಬಿಡಿಸಿದ ಕಾಳುಮೆಣಸನ್ನು ಕುದಿನೀರಲ್ಲಿ ಹತ್ತು ನಿಮಿಷ ಬಿಟ್ಟೆ, ಚೆನ್ನಾಗಿ ಕಪ್ಪಾಗುತ್ತೆ ಅಲ್ವಾ ಅಂತ ಕೇಳಿದ್ದೀರಿ. ಆಗುವುದಿಲ್ಲ. ಉಳಿದಿರುವುದನ್ನಾದರೂ ದಯವಿಟ್ಟು ಹಾಗೆ ಬೇಯಿಸಬೇಡಿ.

ಎಂಟು ವರ್ಷದ ಹಿಂದೆ ನಾನೂ ಇದನ್ನೇ ಮಾಡಿದ್ದೆ. ಅಡಿಕೆ ಬೇಯಿಸಿ ಅಭ್ಯಾಸವಾದ ಕೈ. ಜಾಸ್ತಿ ಬೆಂದರೆ ಬಣ್ಣವೂ ಜಾಸ್ತಿ ಅಂದುಕೊಂಡೆ. ನಾಲ್ಕು ದಿನ ಒಳ್ಳೆ ಬಿಸಿಲು ಸಿಕ್ಕಿತು. ಐದನೇ ದಿನ ಅಂಗಳದಲ್ಲಿ ಕೂತು ಒಂದು ಹಿಡಿ ತೆಗೆದು ನೋಡಿದರೆ ಕಾಳೆಲ್ಲ ಮಂಕು ಕಂದು, ಕೆಲವಕ್ಕೆ ಇನ್ನೂ ಹಸಿರು ಛಾಯೆ. ನೀರಿಗೆ ಹಾಕದೆ ಮೂಲೆಯಲ್ಲಿ ಹರವಿದ್ದ ಎರಡು ಸೇರು ಅದಕ್ಕಿಂತ ಕಪ್ಪಗಿತ್ತು. ವ್ಯಾಪಾರಿ ಚೀಲಕ್ಕೆ ಕೈ ಹಾಕಿ ನೋಡಿ ರೇಟು ಇಳಿಸಿಯೇಬಿಟ್ಟ. ವರ್ಷದ ಬೆಳೆ ಅಣ್ಣ, ಹೊಟ್ಟೆ ಉರಿಯಿತು.

ಆಮೇಲೆ ಕೇಳಿ ತಿಳಿದುಕೊಂಡೆ. ಹೆಚ್ಚಿಟ್ಟ ಬದನೆಕಾಯಿ ಕಪ್ಪಾಗುತ್ತದಲ್ಲ, ಇದೂ ಅದೇ. ಸಿಪ್ಪೆಯ ಜೀವಕೋಶದೊಳಗೆ ಫೀನಾಲ್ ಅನ್ನೋ ರಾಸಾಯನಿಕ ಒಂದು ಕಡೆ, ಕಿಣ್ವ (ಎನ್‌ಜೈಮ್) ಇನ್ನೊಂದು ಕಡೆ ಇರುತ್ತವೆ. ಬಿಸಿನೀರು ನಡುವಿನ ತಡೆ ಒಡೆಯುತ್ತದೆ. ಎರಡೂ ಸೇರಿ ಗಾಳಿ ತಾಗಿದಾಗ ಕಪ್ಪು ಬಣ್ಣ. ಅಂದರೆ ಕಪ್ಪು ಮಾಡುವುದು ಕಿಣ್ವ. ಜಾಸ್ತಿ ಕುದಿಸಿದರೆ ಅದೇ ಸತ್ತುಹೋಗುತ್ತದೆ. ಹಸಿರು ಮೆಣಸನ್ನು ಹಸಿರಾಗೇ ಒಣಗಿಸುವವರು ಬೇಕೆಂದೇ ಅದನ್ನು ಕೊಲ್ಲುತ್ತಾರೆ!

ಒಂದೇ ನಿಮಿಷ ಸಾಕು. ನೀರು ಕೊತಕೊತ ಕುದಿಯುತ್ತಿರಬೇಕು. ನಾನು ಬಿದಿರು ಬುಟ್ಟಿಯಲ್ಲಿ ಐದೈದು ಕೆಜಿ ಮುಳುಗಿಸುತ್ತೇನೆ. ಒಮ್ಮೆಲೇ ಇಪ್ಪತ್ತು ಕೆಜಿ ಸುರಿದರೆ ನೀರೇ ತಣ್ಣಗಾಗುತ್ತದೆ, ಲೆಕ್ಕ ತಪ್ಪುತ್ತದೆ. ಎತ್ತಿದ ತಕ್ಷಣ ನೀರು ಬಸಿದು ತೆಳ್ಳಗೆ ಹರವಿ. ಗುಡ್ಡೆ ಹಾಕಿ ಊಟಕ್ಕೆ ಹೋಗಬೇಡಿ, ಒಳಗಿನ ಬಿಸಿಗೆ ಬೇಯುತ್ತಲೇ ಇರುತ್ತದೆ. ಮೋಡ ಇದ್ದ ದಿನ ಹಂಡೆ ಹಚ್ಚಲೇಬೇಡಿ. ನೀರು ಕೊಳೆಯಾದರೆ ಬದಲಿಸಿ. ಕೋಶ ಸಡಿಲವಾಗಿರುವುದರಿಂದ ಒಂದೆರಡು ದಿನ ಮೊದಲೇ ಒಣಗುತ್ತದೆ.

ಹರವಲು ಸಿಲ್ಪಾಲಿನ್ ಟಾರ್ಪಾಲು ಒಳ್ಳೆಯದು, ನನ್ನದು ಆರು ವರ್ಷ ಬಂದಿದೆ. ಸಂತೆಯ ತೆಳು ಹಾಳೆಗೆ ಸುಮ್ನೆ ದುಡ್ಡು ಹಾಕಬೇಡಿ. ಸಗಣಿ ಸಾರಿಸಿದ ಅಂಗಳಕ್ಕೆ ನೇರ ಹಾಕುವುದನ್ನಂತೂ ಇನ್ನಾದರೂ ಬಿಡಿ ಮಾರಾಯ್ರೆ, ತಿನ್ನುವ ವಸ್ತು ಅದು.

ತೇವ ಶೇಕಡಾ 11ಕ್ಕಿಂತ ಕೆಳಗೆ ಬರಲಿ. ಮೀಟರ್ ಇಲ್ಲದಿದ್ದರೆ ಕಚ್ಚಿ ನೋಡಿ, ಕಟಕ್ ಅಂತ ಒಡೆಯಬೇಕು. ಹಲ್ಲಿಗೆ ಮೆತ್ತಗೆ ಸಿಕ್ಕಿದರೆ ಇನ್ನೊಂದು ಬಿಸಿಲು, ಇಲ್ಲದಿದ್ದರೆ ಚೀಲದಲ್ಲೇ ಬೂಸ್ಟು. ಮೂರು ಕೆಜಿ ಹಸಿಗೆ ಸುಮಾರು ಒಂದು ಕೆಜಿ ಒಣ ಮೆಣಸು ಸಿಕ್ಕೀತು.

ಈಗಾಗಲೇ ಬೆಂದಿರುವುದು ಇನ್ನು ಕಪ್ಪಾಗುವುದಿಲ್ಲ. ಬೇರೆಯಾಗಿ ಒಣಗಿಸಿ ಪುಡಿಗೆ ಇಟ್ಟುಕೊಳ್ಳಿ, ಒಳ್ಳೆಯದರ ಜೊತೆ ಬೆರೆಸಿದರೆ ಇಡೀ ಚೀಲದ ರೇಟು ಹೋಗುತ್ತದೆ. ಕೆಂಪು ಹಣ್ಣು ಆರಿಸಿಟ್ಟಿದ್ದರೆ ಅದನ್ನು ಹಂಡೆಗೆ ಹಾಕಬೇಡಿ. ವಾರ, ಹತ್ತು ದಿನ ತಣ್ಣೀರಲ್ಲಿ ನೆನೆಸಿ, ದಿನಾ ನೀರು ಬದಲಿಸಿ. ಸಿಪ್ಪೆ ಕೊಳೆತು ತಾನೇ ಬಿಡುತ್ತದೆ. ಉಜ್ಜಿ ತೊಳೆದು ಒಣಗಿಸಿದರೆ ಬೋಳುಕಾಳು, ಅಂದರೆ ಬಿಳಿ ಮೆಣಸು.