ಲಿನಕ್ಸ್‌ನಲ್ಲಿ ಪ್ರೊಸೆಸರ್ 800 ಮೆಗಾಹರ್ಟ್ಸ್ ಮಾತ್ರ ತೋರಿಸುತ್ತಿದೆ. ಟರ್ಬೋವನ್ನು ಸದಾ ಚಾಲೂ ಇಡುವುದು ಹೇಗೆ?

ಪ್ರೊಸೆಸರ್‌ನ ವಿವರ ತೋರಿಸುವ ಸಿಪಿಯುಇನ್ಫೋ ಕಡತದಲ್ಲಿ ಇದೇ 800 ಅನ್ನು ಕಂಡು ಗಾಬರಿಯಾದವನು ನಾನೂ ಹೌದು. ಟರ್ಬೋವನ್ನು, ಅಂದರೆ ಭಾರ ಬಿದ್ದಾಗ ಪ್ರೊಸೆಸರ್ ತನ್ನ ಮೂಲ ವೇಗವನ್ನು ದಾಟಿ ಓಡುವ ಸೌಲಭ್ಯವನ್ನು, ಬಲವಂತವಾಗಿ ಚಾಲೂ ಇಡಲು ಹೋಗಿ ನಾಲ್ಕು ತಿಂಗಳು ನಿಧಾನದ ಯಂತ್ರದಲ್ಲಿ ಕೆಲಸ ಮಾಡಿದೆ.

ನನ್ನ ಹಳೆಯ ಯಂತ್ರದಲ್ಲಿ ಪ್ರೊಸೆಸರ್ ವೇಗವನ್ನು ನಿಯಂತ್ರಿಸುವ ಎಸಿಪಿಐ-ಸಿಪಿಯುಫ್ರೆಕ್ ಡ್ರೈವರ್ ಇತ್ತು. ಅದರ ಬೂಸ್ಟ್ ಎಂಬ ಕಡತಕ್ಕೆ 1 ಬರೆದರೆ ಟರ್ಬೋ ಚಾಲೂ, 0 ಬರೆದರೆ ಬಂದ್. ಅಲ್ಲಿ ಬರೆದದ್ದು ರೀಬೂಟ್ ಆದೊಡನೆ ಅಳಿಸಿಹೋಗುವುದರಿಂದ, ಯಂತ್ರ ಶುರುವಾದಾಗಲೆಲ್ಲ 1 ಬರೆಯುವ ಸಿಸ್ಟಮ್‌ಡಿ ಸರ್ವಿಸ್ ಒಂದನ್ನು ಮಾಡಿಟ್ಟಿದ್ದೆ. ಹೊಸ ಇಂಟೆಲ್ ಯಂತ್ರದಲ್ಲಿ ಆ ಕಡತ ಇರಲಿಲ್ಲ. ಇಂಟೆಲ್ ಪಿ-ಸ್ಟೇಟ್ ಡ್ರೈವರ್‌ನ ಫೋಲ್ಡರ್‌ನಲ್ಲಿ ನೋ ಟರ್ಬೋ ಎಂಬುದಿತ್ತು. ಸರ್ವಿಸ್‌ನಲ್ಲಿ ಕಡತದ ವಿಳಾಸವನ್ನಷ್ಟೇ ಬದಲಿಸಿ, 1 ಅನ್ನು ಹಾಗೆಯೇ ಉಳಿಸಿಕೊಂಡೆ.

ತಪ್ಪಾದದ್ದು ಇಲ್ಲಿಯೇ. ಆ ಕಡತದ ಹೆಸರಲ್ಲೇ ನಿಷೇಧವಿದೆ: ಅಲ್ಲಿ 1 ಎಂದರೆ ‘ಟರ್ಬೋ ಬೇಡ ಎಂಬುದು ನಿಜ’, 0 ಎಂದರೆ ‘ಟರ್ಬೋಗೆ ಅಡ್ಡಿಯಿಲ್ಲ’. ನಾನು ಟರ್ಬೋ ಎಂಬುದನ್ನು ಓದಿದೆ, ಅದರ ಹಿಂದಿನ ನೋ ಎಂಬುದನ್ನು ಓದಲಿಲ್ಲ. ಬರೆಯುವಾಗ ಯಾವ ದೋಷವೂ ಬರಲಿಲ್ಲ, ಮತ್ತೆ ತೆರೆದು ನೋಡಿದರೆ 1 ಇತ್ತು, ಅದನ್ನೇ ಪುರಾವೆ ಎಂದುಕೊಂಡೆ. ನಾನು ಬರೆದದ್ದು ಉಳಿದಿದೆಯೇ ಎಂದು ನೋಡಿದೆನೇ ಹೊರತು ಪ್ರೊಸೆಸರ್ ಏನು ಮಾಡುತ್ತಿದೆ ಎಂದು ನೋಡಲಿಲ್ಲ. ವೇಗವನ್ನು ಯಾವಾಗ ಏರಿಸಬೇಕು, ಇಳಿಸಬೇಕು ಎಂದು ನಿರ್ಧರಿಸುವ ಗವರ್ನರ್ ಅನ್ನು ಪರ್ಫಾರ್ಮೆನ್ಸ್‌ಗೆ ಬದಲಿಸಿದೆ, ಥರ್ಮಲ್ ಪೇಸ್ಟ್ ಹೊಸದಾಗಿ ಹಚ್ಚಿದೆ. ಕಂಪೈಲ್ (ಕೋಡ್‌ನಿಂದ ಪ್ರೋಗ್ರಾಮು ತಯಾರಿಸುವ ಕೆಲಸ) ಮಾತ್ರ ಅಷ್ಟೇ ನಿಧಾನ. ಟರ್ಬೋ ಬಂದ್ ಇರುವಾಗ ಯಾವ ಗವರ್ನರ್ ಇದ್ದರೂ ಮೂಲ ವೇಗವನ್ನು ದಾಟಲಾಗದು. ಕೊನೆಗೆ ಕಂಪೈಲ್ ನಡೆಯುತ್ತಿರುವಾಗಲೇ, ಕೋರ್‌ಗಳ ನಿಜವಾದ ವೇಗವನ್ನು ಅಳೆದು ತೋರಿಸುವ ಟರ್ಬೋಸ್ಟ್ಯಾಟ್ ಓಡಿಸಿದೆ. ಕೋರ್ ದುಡಿಯುವಾಗಿನ ವೇಗವನ್ನು ಹೇಳುವ ‘ಬಿಜಿ ಮೆಗಾಹರ್ಟ್ಸ್’ ಅಂಕಣದಲ್ಲಿ ಎಲ್ಲ ಕೋರ್‌ಗಳೂ ಮೂಲ ವೇಗದಲ್ಲೇ ನಿಂತಿದ್ದವು. 0 ಬರೆದ ಕೂಡಲೇ ಅದೇ ಅಂಕಣದ ಸಂಖ್ಯೆಗಳು ಮೇಲೇರಿದವು.

ಆದ್ದರಿಂದ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಕೆಲಸವಿಲ್ಲದಿರುವಾಗ ಪ್ರೊಸೆಸರ್ 800ಕ್ಕೆ ಇಳಿಯುವುದು ದೋಷವಲ್ಲ, ಅದು ಹಾಗೆಯೇ ಇಳಿಯಬೇಕು. ಯಾರೂ ಬದಲಿಸದಿದ್ದರೆ ಮತ್ತು ಬಯಾಸ್ (ಲಿನಕ್ಸ್‌ಗಿಂತ ಮೊದಲು ಓಡುವ, ಮದರ್‌ಬೋರ್ಡ್‌ನಲ್ಲೇ ಇರುವ ತಂತ್ರಾಂಶ) ತಡೆಯದಿದ್ದರೆ ಟರ್ಬೋ ಚಾಲೂ ಇರುತ್ತದೆ. ಅದಕ್ಕೆ ಸರ್ವಿಸ್ ಬೇಕಿಲ್ಲ. ಮೊದಲು ಭಾರದ ಕೆಲಸವೊಂದನ್ನು ಹಚ್ಚಿ, ರೂಟ್ (ಯಂತ್ರದ ಪೂರ್ಣಾಧಿಕಾರದ ಖಾತೆ) ಆಗಿ ಟರ್ಬೋಸ್ಟ್ಯಾಟ್ ಓಡಿಸಿ, ‘ಬಿಜಿ ಮೆಗಾಹರ್ಟ್ಸ್’ ಅಂಕಣವನ್ನು ನೋಡಿ. ಅದರ ಸರಾಸರಿ ಅಂಕಣವನ್ನು ನೋಡಬೇಡಿ, ಅದರಲ್ಲಿ ಸುಮ್ಮನಿದ್ದ ಸಮಯವೂ ಸೇರಿರುತ್ತದೆ. ಎಲ್ಲ ಕೋರ್‌ಗಳೂ ದುಡಿಯುವಾಗ, ಜಾಹೀರಾತಿನ ಗರಿಷ್ಠ ವೇಗವನ್ನೂ ನಿರೀಕ್ಷಿಸಬೇಡಿ. ರೂಟ್ ಆಗಿದ್ದರೂ ನೋ ಟರ್ಬೋ ಕಡತಕ್ಕೆ 0 ಬರೆಯಲು ಅನುಮತಿ ಸಿಗದಿದ್ದರೆ ಬಯಾಸ್‌ನಲ್ಲೇ ಟರ್ಬೋ ಬಂದ್ ಆಗಿರಬಹುದು, ಅಲ್ಲಿ ಹುಡುಕಿ. ನಾನು ಈಗ ಆ ಕಡತಕ್ಕೆ 1 ಬರೆಯುವುದು, ಎರಡು ಪ್ರೋಗ್ರಾಮುಗಳ ವೇಗವನ್ನು ಹೋಲಿಸಲು ಏರಿಳಿತವಿಲ್ಲದ ಅಳತೆ ಬೇಕಾದಾಗ ಮಾತ್ರ, ಅದೂ ಕೈಯಾರೆ.