ಟ್ರೆಕ್ಕಿಂಗ್‌ಗೆ ತಗೊಂಡ ರೈನ್ ಪ್ಯಾಂಟ್ ನಿಜವಾಗ್ಲೂ ವಾಟರ್‌ಪ್ರೂಫಾ ಅಂತ ಮನೇಲೇ ನೋಡೋದು ಹೇಗೆ?
ಹಾಕ್ಕೊಂಡು ಒದ್ದೆ ಟವೆಲ್ ಮೇಲೆ ಹತ್ತು ನಿಮಿಷ ಕೂತು ನೋಡಿ. ನಲ್ಲಿ ಕೆಳಗೆ ಹಿಡಿದಾಗ ನೀರು ಮುತ್ತಿನ ತರ ಜಾರಿದ್ರೆ ಮೇಲಿನ ಕೋಟಿಂಗ್ ಚೆನ್ನಾಗಿದೆ ಅಂತಷ್ಟೇ ಗೊತ್ತಾಗೋದು, ಒಳಗೆ ಸೋರಲ್ಲ ಅಂತ ಅಲ್ಲ.

ಯಾಕಂದ್ರೆ ಮಳೆ ಹನಿ ಒತ್ತಡ ಕಮ್ಮಿ, ಆದ್ರೆ ಒದ್ದೆ ಬಂಡೆ ಮೇಲೆ ಕೂತಾಗ ಮಂಡಿಯೂರಿದಾಗ ನಮ್ಮ ಮೈ ಭಾರವೆಲ್ಲ ಅಂಗೈಯಗಲ ಜಾಗದ ಮೇಲೆ ಬಿದ್ದು ನೀರನ್ನ ಒಳಗೆ ತಳ್ಳುತ್ತೆ. ಲೇಬಲ್‌ನಲ್ಲಿ 10,000 ಮಿ.ಮೀ. ಅಂತಿದ್ರೆ ಬಟ್ಟೆ ಮೇಲೆ 10 ಮೀಟರ್ ಎತ್ತರ ನೀರು ನಿಂತಷ್ಟು ಒತ್ತಡ ತಡ್ಕೊಳ್ಳುತ್ತೆ ಅಂತ ಅರ್ಥ, ಆದ್ರೆ ಅದು ಹೊಸ ಬಟ್ಟೆ ಲೆಕ್ಕ, ಬ್ಯಾಗು ಉಜ್ಜಿ ಉಜ್ಜಿ ಸವೆದಿದ್ದಕ್ಕಲ್ಲ.

ಕೂರೋ ಮುಂಚೆ ಒಳಗಡೆ ಸೀಟು, ಮಂಡಿ ಹತ್ರ ಟಿಶ್ಯೂ ಪೇಪರ್ ಇಡಿ. ಕೂತಾದ್ಮೇಲೆ ಅದೇ ಟವೆಲ್ ಮೇಲೆ ಮಂಡಿಯೂರಿ. ಟಿಶ್ಯೂ ಮೇಲೆ ಗೆರೆ ಎಳೆದಂಗೆ ಒದ್ದೆ ಆಗಿದ್ರೆ ಹೊಲಿಗೆ ಒಳಗಿನ ಟೇಪ್ ಬಿಟ್ಟಿದೆ, ನನ್ನದು ಕೊಡಚಾದ್ರೀಲಿ ಸೋರಿದ್ದು ಹೀಗೇ, ಎರಡು ಕಾಲು ಸೇರೋ ಹೊಲಿಗೇಲಿ. ಮಚ್ಚೆ ಮಚ್ಚೆ ಆಗಿದ್ರೆ ಬಟ್ಟೆನೇ ಹೋಗಿದೆ, ಬೇರೆ ತಗೊಳ್ಳಿ.

ಟಿಶ್ಯೂ ಒಣಗಿದ್ದು ಬೆಟ್ಟದಲ್ಲಿ ಮಾತ್ರ ಕಾಲೆಲ್ಲ ಒದ್ದೆ ಆಗ್ತಿದ್ರೆ ಅದು ಬಹುತೇಕ ಬೆವರು. ಹೊರಗಿನ ಕೋಟಿಂಗ್ ಸವೆದಾಗ ಬಟ್ಟೆ ನೀರು ಕುಡಿದು ಬೆವರಿನ ಆವಿ ಹೊರಗೆ ಹೋಗೋಕೆ ಬಿಡಲ್ಲ, ಆಗ ತೊಳೆದು ವಾಟರ್‌ಪ್ರೂಫ್ ಸ್ಪ್ರೇ ಹೊಡೆದ್ರೆ ಸಾಕು, ಹೊಸದು ಬೇಡ.